ಬಾಲ್ಕನಿಯ ಕಾಳಿನ ತಟ್ಟೆ

ಪ್ರೀತಿಯ ಅಕ್ಕ,

ನೀನು ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟ ಗಿಳಿ ಇವತ್ತು ಬೆಳಿಗ್ಗೆ ನಮ್ಮ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಿತು. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. "ಹೇಗಾದ್ರೂ ಮಾಡಿ ಉಳಿಸೇ, ನನ್ನ ಮಗಳ ಕೈಯಿಂದ ಕಾಳು ತಿಂದಿದ್ದು ಇದು" ಅಂದಿದ್ದೆಯಲ್ಲ. ಪಕ್ಷಿ ವೈದ್ಯೆ ಅನ್ನಿಸಿಕೊಂಡೂ ನನ್ನ ಕೈಲಾಗಲಿಲ್ಲ. ಗರಿ ಉದುರಿಸಿ ಕೊಕ್ಕು ಕೆಡಿಸುವ ಈ ರೋಗಕ್ಕೆ ಔಷಧಿಯೇ ಇಲ್ಲ. ಕೊನೆಕೊನೆಗೆ ಅದಕ್ಕೆ ಹಣ್ಣು ಕಚ್ಚಲೂ ಆಗುತ್ತಿರಲಿಲ್ಲ, ಅರೆದು ತಿನ್ನಿಸುತ್ತಿದ್ದೆ.

ಇದು ಅಂಟುರೋಗ, ಅಕ್ಕ. ಗರಿಯ ಧೂಳಿನಿಂದ, ಹಿಕ್ಕೆಯಿಂದ ಹರಡುತ್ತದೆ. ಹಿಂಡೆಲ್ಲ ಒಂದೇ ತಟ್ಟೆಗೆ ಮುಗಿಬಿದ್ದರೆ ಒಂದರಿಂದ ಇನ್ನೊಂದಕ್ಕೆ ತಗಲುತ್ತದೆ. ಮರಿಗಳಂತೂ ಉಳಿಯುವುದೇ ಕಷ್ಟ. ನಿನ್ನ ಮಗಳು ಪುಟ್ಟಿ ತೀರಿಹೋದ ಮೇಲೂ ನೀನು ಬಾಲ್ಕನಿಯ ಕಂಬಿಗೆ ಕಟ್ಟಿದ ಆ ತಟ್ಟೆಯನ್ನು ಒಂದು ದಿನವೂ ಖಾಲಿ ಬಿಟ್ಟಿಲ್ಲ, ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ, ಇನ್ನು ಕಾಳು ಹಾಕಬೇಡ. ಈಗ ಮರಗಳಲ್ಲಿ ಬೇಕಾದಷ್ಟು ಹಣ್ಣಿದೆ, ಅವು ಹಸಿದಿರುವುದಿಲ್ಲ. ಎದುರು ತಾರಸಿಯಲ್ಲಿ ಹಕ್ಕಿಗಳಿಗೆ ನೀರಿಡುವ ಟೈಲರ್ ಮಾಮನಿಗೂ ಹೇಳು. "ಗಿಳಿಗೂ ಅಂಟುರೋಗಾನಾ?" ಅಂತ ನಕ್ಕರೆ ನನಗೆ ಫೋನ್ ಹಚ್ಚಿ ಕೊಡು.

ತಟ್ಟೆಯನ್ನು ನೀನು ಬಿಚ್ಚಬೇಡ. ಭಾನುವಾರ ನಾನೇ ಬಂದು ಬಿಚ್ಚಿ, ಬ್ಲೀಚಿಂಗ್ ನೀರಿನಲ್ಲಿ ತೊಳೆದು ಎತ್ತಿಡುತ್ತೇನೆ. ಪುಟ್ಟಿ ಅಂಚಿಗೆ ಹಚ್ಚಿದ ಬಣ್ಣ ಆದಷ್ಟೂ ಹೋಗದ ಹಾಗೆ ನೋಡಿಕೊಳ್ಳುತ್ತೇನೆ.

ಸಂಜೆ ಗಿಳಿಗಳು ಬಂದು ಕಂಬಿಯ ಮೇಲೆ ಕೂತು ಕಿರುಚುತ್ತವೆ. ಬಾಗಿಲು ಹಾಕಿಕೋ. ಒಬ್ಬಳೇ ಕೇಳಿಸಿಕೊಂಡು ಕೂರಲಾಗದಿದ್ದರೆ ನಮ್ಮ ಮನೆಗೆ ಬಂದುಬಿಡು, ಹಾಸಿಗೆ ಹಾಸಿಟ್ಟಿದ್ದೇನೆ.

ನಿನ್ನ ತಂಗಿ