ಪ್ರಾಸರ್ಪಿನಾಳೇ ಬರಲಿ

ತೂಬಗೆರೆ
೨೪ ನವೆಂಬರ್ ೨೦೨೪

ಅಕ್ಷತಳ ಅಪ್ಪನಿಗೆ,

ನಾನು ಇದ್ದೇನೆ. ನೀವೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಿ ಅಂದುಕೊಂಡಿದ್ದೇನೆ. ನಮ್ಮಣ್ಣ ಬೈರಣ್ಣನ ಕೈಲಿ ಕಳಿಸಿದ ನಿಮ್ಮ ಕಥೆ ತಲುಪಿತು. ಅಚ್ಚಿಗೆ ಕೊಡುವ ಮುಂಚೆ ನಾಯಕಿಯ ಹೆಸರು ತೆಗೆದು, ಹೋದ ನಮ್ಮ ಮಗಳ ಹೆಸರಿಡಲೇ ಅಂತ ಕೇಳಿ ಕಳಿಸಿದ್ದೀರಿ. ಓದದೆ ಒಪ್ಪಿಗೆ ಕೊಡುವವಳಲ್ಲ ನಾನು. ಓದಿದೆ.

ದೊಡ್ಡಬಳ್ಳಾಪುರದ ಮನೆಯಲ್ಲಿ ನೀವೂ ಮಗಳೂ ಆ ಕಥೆ ಕಟ್ಟುವಾಗ ನಾನು ಮಗ್ಗದ ಮುಂದೆ ಇರುತ್ತಿದ್ದೆ. ಆ ಸದ್ದಿನಲ್ಲಿ ನನಗೆ ಒಂದು ಮಾತೂ ಕೇಳುತ್ತಿರಲಿಲ್ಲ. ನೀವು ಅವಳ ಕಿವಿಗೆ ಬಾಯಿಟ್ಟು ಹೇಳುವುದು, ಅವಳು ಕಣ್ಣರಳಿಸುವುದು, ಅಷ್ಟೇ ಕಾಣುತ್ತಿತ್ತು. ನಾಯಕಿ ಪ್ರಾಸರ್ಪಿನಾ ಅಂತ ಗೊತ್ತಾದಾಗ, ಇದೇನು ಜ್ವರದ ಮಾತ್ರೆಯಾ ಅಂತ ಆಡಿಕೊಂಡಿದ್ದೆ. ಅವಳು ಮುನಿಸಿಕೊಂಡು ಅವತ್ತು ಮುದ್ದೆ ಮುಟ್ಟಲಿಲ್ಲ.

ಆ ಹೆಸರಿನ ಹಿಂದೆ ಏನಿದೆ ಎಂದು ಕೊನೆಯ ಪುಟಗಳಲ್ಲಿ ಬರೆದಿದ್ದೀರಲ್ಲ, ಅದನ್ನು ಎರಡೆರಡು ಸಲ ಓದಿದೆ. ರೋಮಿನವರ ಪೈರಿನ ದೇವತೆ ಸೀರಿಸ್, ಅವಳ ಮಗಳು ಪ್ರಾಸರ್ಪಿನಾ. ಗ್ರೀಕರು ಪರ್ಸೆಫೊನಿ ಅನ್ನುತ್ತಿದ್ದುದು ಅವಳನ್ನೇ. ಪಾತಾಳದ ದೊರೆ ಅವಳನ್ನು ಹೊತ್ತುಕೊಂಡು ಹೋದ. ಅಲ್ಲಿ ದಾಳಿಂಬೆ ಬೀಜ ತಿಂದದ್ದಕ್ಕೆ ಅವಳಿಗೆ ಪೂರಾ ಮನೆಗೆ ಬರಲಾಗಲಿಲ್ಲ. ವರ್ಷದಲ್ಲಿ ಅರ್ಧ ಅಲ್ಲಿ, ಅರ್ಧ ತಾಯಿಯ ಹತ್ತಿರ.

ಇದನ್ನು ಮಗಳಿಗೆ ಹೇಳಿದ್ದಿರಿ. ನನಗೆ ಯಾಕ್ರೀ ಹೇಳಲಿಲ್ಲ?

ಡೆಂಗ್ಯೂ ಅಂತ ಅವಳನ್ನು ಆಸ್ಪತ್ರೆಗೆ ಸೇರಿಸಿದಾಗ ನೀವು ಪ್ಲೇಟ್‌ಲೆಟ್ ತರಲು ಬೆಂಗಳೂರಿಗೆ ಹೋಗಿದ್ದಿರಿ. ದಾಳಿಂಬೆ ರಕ್ತಕ್ಕೆ ಒಳ್ಳೆಯದು ಅಂತ ಪಕ್ಕದ ಮಂಚದವರು ಹೇಳಿದರು. ಬಿಡಿಸಿ ಬಾಯಿಗಿಟ್ಟರೆ ಮುಖ ತಿರುಗಿಸಿದಳು. "ಅಮ್ಮ, ಇಲ್ಲಿ ಅದನ್ನ ತಿಂದ್ರೆ ಮನೆಗೆ ಬರಕ್ಕಾಗಲ್ಲ" ಅಂದಳು. ಜ್ವರಕ್ಕೆ ಬಡಬಡಿಸುತ್ತಿದ್ದಾಳೆ ಅಂದುಕೊಂಡೆ. ತಿಂದರೇ ಮನೆ ಅಂತ ಗದರಿದೆ, ಮುದ್ದು ಮಾಡಿದೆ. ಕೊನೆಗೆ ತಿಂದಳು. ಹಣ್ಣು ತಿಂದು ಯಾರೂ ಹೋಗುವುದಿಲ್ಲ, ನನಗೂ ಗೊತ್ತು. ಆದರೆ ಅಷ್ಟು ಹೆದರಿಕೆ ಇಟ್ಟುಕೊಂಡು, ಅಮ್ಮ ಹೇಳಿದಳಲ್ಲ ಅಂತ ನುಂಗಿತಲ್ಲ ಮಗು, ಅದನ್ನು ನನ್ನ ಕೈಲಿ ತಡೆದುಕೊಳ್ಳಲಾಗುತ್ತಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದದ್ದೇ ನೀವು ಬರೆಯಲು ಕೂತಿರಿ. ಆ ಸಿಟ್ಟಿಗೇ ತವರಿಗೆ ಬಂದೆ. ನಿಮಗೆ ಕರುಳೇ ಇಲ್ಲ ಅಂದುಕೊಂಡಿದ್ದೆ. ನಿಮ್ಮ ಕಥೆಯಲ್ಲಿ ಹುಡುಗಿ ಪಾತಾಳದಿಂದ ಮನೆಗೆ ಬಂದು ಅಲ್ಲೇ ಉಳಿದುಬಿಡುತ್ತಾಳೆ. ಅದನ್ನು ಓದಿದ ಮೇಲೆ ಹಾಗೆ ಅನ್ನಲು ಬಾಯಿ ಬರುತ್ತಿಲ್ಲ.

ಅದಕ್ಕೇ ಬೇಡಿಕೊಳ್ಳುತ್ತೇನೆ, ಅವಳಿಗೆ ಅಕ್ಷತ ಅಂತ ಹೆಸರಿಡಬೇಡಿ. ಮಗಳು ಕಾಣದಾದಾಗ ಸೀರಿಸ್ ಭೂಮಿಯಲ್ಲಿ ಒಂದು ಪೈರೂ ಏಳದಂತೆ ಮಾಡಿದಳಂತೆ. ಇಲ್ಲಿ ಅಣ್ಣನ ಹೊಲದಲ್ಲಿ ರಾಗಿ ಎಂದಿಗಿಂತ ಚೆನ್ನಾಗಿ ಬಂದಿದೆ. ಆ ತೆನೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಸೀರಿಸ್‌ಗೆ ಅರ್ಧ ವರ್ಷಕ್ಕಾದರೂ ಮಗಳು ಸಿಕ್ಕಳು. ಪುಸ್ತಕದಲ್ಲಿ ನನ್ನ ಮಗಳ ಹೆಸರಿನವಳು ಮನೆಗೆ ವಾಪಸ್ಸು ಬಂದರೆ, ನಾನು ದಿನಾ ಬಾಗಿಲು ನೋಡಿಕೊಂಡು ಕೂರಬೇಕಾಗುತ್ತದೆ. ಪ್ರಾಸರ್ಪಿನಾಳೇ ಬರಲಿ.

ಇಂತಿ,
ಅಕ್ಷತಳ ಅಮ್ಮ
ಜ್ಯೋತಿಲಕ್ಷ್ಮಿ

ಮತ್ತೊಂದು ಮಾತು: ಬರೆಯಲೋ ಬೇಡವೋ ಅಂತ ಬಿಟ್ಟಿದ್ದೆ. ಆ ಹಣ್ಣು ತಿಂದಾದ ಮೇಲೆ ಅವಳು, "ಅಪ್ಪಂಗೆ ಹೇಳ್ಬೇಡ, ಅಳ್ತಾರೆ" ಅಂದಿದ್ದಳು. ನೀವು ಬೆಂಗಳೂರಿನಿಂದ ಬಂದಾಗ ಬೇಗ ಬೇಗ ಬಾಯಿ ಒರೆಸಿಕೊಂಡು ನಿಮ್ಮನ್ನು ನೋಡಿ ನಕ್ಕಳಲ್ಲ, ಇದಕ್ಕೇ.