ಆಮೆ ನೋಡಿಕೊಳ್ಳುವವಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಚೋಟಿ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಮೇಜಿನ ಮೇಲೆ ಕೂತು ದೂಳು ತಿನ್ನುತ್ತಿದೆ. ಉತ್ತರ ತಡವಾಯಿತು. ಬೈದುಕೊಂಡಿದ್ದರೆ ಬೈದುಕೋ, ಇಲ್ಲಿಯವರೆಗೆ ಕೇಳಿಸುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನಾನು ರೇಗುತ್ತೇನೆ, ಆಮೇಲೆ ಇಬ್ಬರೂ ಊಟ ಬಿಡುತ್ತೇವೆ. ಅಮ್ಮ ಈಗ ಮಲಗಿದ್ದಾಳೆ, ಅಂಗಡಿಗೆ ರಜೆ. ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಸುಧಾರಿಸಿಕೊಂಡು ಓದು.

ನೀನು ಕೇಳಿದ್ದು ಒಂದೇ ಮಾತು. ವೃದ್ಧಾಶ್ರಮದಲ್ಲಿ ಒಂದು ಜಾಗ ಖಾಲಿಯಾಗಿದೆ, ಅಮ್ಮನನ್ನು ಸೇರಿಸುವುದೋ ಬೇಡವೋ, ತಿಂಗಳ ಕೊನೆಯೊಳಗೆ ಅವರಿಗೆ ಹೇಳಬೇಕು ಎಂದಿದ್ದೀ. ಹೇಳುತ್ತೇನೆ. ಅದಕ್ಕೆ ಮೊದಲು ನಿನ್ನ ಆಮೆಯ ವಿಷಯ ಹೇಳಬೇಕು. ನಗಬೇಡ, ಎರಡೂ ಒಂದಕ್ಕೊಂದು ಅಂಟಿಕೊಂಡಿವೆ.

"ಅಮ್ಮನಿಗೆ ಜೊತೆಯಾಗ್ಲಿ" ಎಂದು ಆ ಪ್ರಾಣಿಯನ್ನು ಇಲ್ಲಿ ಬಿಟ್ಟು ಹೋದೆಯಲ್ಲ, ಇದ್ದ ಕೆಲಸ ಸಾಲದು ಅಂತ ಇದೊಂದು ಎಂದು ಆ ದಿನ ಮನಸ್ಸಿನಲ್ಲೇ ನಿನಗೆ ಸಹಸ್ರನಾಮ ಮಾಡಿದ್ದೆ. ಅಂಗೈಯಷ್ಟು ಅಗಲವಿಲ್ಲ, ಗತ್ತು ನೋಡಿದರೆ ಊರಿಗೇ ದೊರೆ. ಹಾಗಾಗಿ ಅದಕ್ಕೆ ದೊರೆ ಎಂದೇ ಹೆಸರಿಟ್ಟಿದ್ದೇನೆ. ವಾರಕ್ಕೊಮ್ಮೆ ತೊಟ್ಟಿಯ ನೀರು ಬದಲಿಸು, ದಿನಾ ಕಿಟಕಿಯ ಬಿಸಿಲಿಗೆ ಇಡು ಎಂದು ಹೇಳಿ ನೀನು ಬಸ್ಸು ಹತ್ತಿದೆ. ಎತ್ತುವುದು ಹೇಗೆ ಎಂದು ಹೇಳಲಿಲ್ಲ. ಚಪ್ಪಲಿ ಅಂಗಡಿಯವಳಿಗೆ ಎತ್ತುವುದು ಅಂದರೆ ಏನು? ಮೇಲಿನಿಂದ ಕೈ ಹಾಕಿ ಡಬ್ಬಿ ಎತ್ತಿಕೊಳ್ಳುವುದು. ಹಾಗೇ ಎತ್ತಿದೆ. ಬುಸ್ ಎಂದು ತಲೆ ಒಳಗೆಳೆದುಕೊಂಡಿತು, ಹಿಂಗಾಲಿನಿಂದ ಪರಚಿತು, ಮೈಮೇಲೆಲ್ಲ ಉಚ್ಚೆ ಹೊಯ್ದಿತು. ಒಂದು ಸಲ ಜಾರಿ ತೊಟ್ಟಿಗೆ ದೊಪ್ಪನೆ ಬಿತ್ತು ಕೂಡ. ಅಲ್ಲಿಂದಾಚೆಗೆ ನನ್ನ ನೆರಳು ನೀರಿನ ಮೇಲೆ ಬಿದ್ದರೆ ಸಾಕು, ಕಲ್ಲಿನ ಹಿಂದೆ ಅವಿತುಕೊಳ್ಳುತ್ತಿತ್ತು.

ಅಮ್ಮನದೂ ಅದೇ ಕಥೆ. ಹಿಮ್ಮಡಿಯ ಹುಣ್ಣು ನೀನು ಹೋಗುವಾಗ ಅಂಗಿಯ ಗುಂಡಿಯಷ್ಟಿತ್ತು, ಆಮೇಲೆ ಬೆಳೆಯಿತು. ದಿನಾ ತೊಳೆದು ಪಟ್ಟಿ ಕಟ್ಟಬೇಕು. ಅಂಗಡಿಯಿಂದ ಬಂದವಳೇ ಟವೆಲು, ಚೊಂಬು, ಹತ್ತಿ ಹಿಡಿದುಕೊಂಡು ಅವಳ ಮೇಲೆ ಬಗ್ಗುತ್ತಿದ್ದೆ. ಅವಳು ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, "ಯಾರು ನೀವು?" ಎನ್ನುತ್ತಿದ್ದಳು.

"ನಾನಮ್ಮಾ, ನಿನ್ನ ದೊಡ್ಡ ಮಗಳು."

"ನನ್ನ ದೊಡ್ಡ ಮಗಳು ಸ್ಕೂಲಿಗೆ ಹೋಗಿದಾಳೆ. ಎರಡು ಜಡೆ ಹಾಕಿ ಕಳಿಸಿದೀನಿ. ಅವಳ ಹೆಸರು ಹೇಳ್ಕೊಂಡು ಮನೆ ಒಳಗೆ ಬರ್ತೀರಲ್ಲ, ನಾಚ್ಕೆ ಆಗಲ್ವಾ ನಿಮಗೆ?"

ನಾನು ಬಿಡುತ್ತಿರಲಿಲ್ಲ. ನಾನೇ ಮಗಳು, ನನ್ನ ಮುಖ ನೋಡು, ಈ ಮಚ್ಚೆ ನೋಡು ಎಂದು ಹಟ ಹಿಡಿಯುತ್ತಿದ್ದೆ. ನಾನು ಮಗಳು ಎಂದಷ್ಟೂ ಅವಳು ಕಿರುಚುತ್ತಿದ್ದಳು. ಒಂದು ಸಂಜೆ ಮಹಡಿ ಮೇಲಿನ ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿ ಬಂದ. ಏನೋ ಕೊಲೆಯಾಗುತ್ತಿದೆ ಎಂದುಕೊಂಡನಂತೆ. ಡಾಕ್ಟರು ಕಳಿಸಿದ ನರ್ಸು ಕೈಗೆ ಕಚ್ಚಿಸಿಕೊಂಡು, "ನನ್ನ ಕೈಲಾಗಲ್ಲ ಕಣ್ರೀ" ಎಂದು ಹೋದವಳು ತಿರುಗಿ ಬರಲಿಲ್ಲ. ಡಾಕ್ಟರೂ ಮುಖ ಗಂಟಿಕ್ಕಿಕೊಂಡು, "ಹುಣ್ಣು ಮೂಳೆಗೆ ಇಳಿದ್ರೆ ಕಾಲು ಉಳಿಯಲ್ಲ. ಮನೇಲಿ ಆಗದಿದ್ರೆ ಎಲ್ಲಾದ್ರೂ ಸೇರಿಸಿ" ಎಂದರು. ಅದನ್ನು ಕೇಳಿದ ಮೇಲಲ್ಲವೇ ನೀನು ವೃದ್ಧಾಶ್ರಮ ಹುಡುಕಿದ್ದು. ನಿನ್ನ ತಪ್ಪಿಲ್ಲ. ಆ ದಿನಗಳಲ್ಲಿ ಯಾರಾದರೂ ಬಂದು ಅವಳನ್ನು ಕರೆದುಕೊಂಡು ಹೋಗಿದ್ದರೆ ನಾನು ತಡೆಯುತ್ತಿರಲಿಲ್ಲ. ಅಷ್ಟು ಸಾಕಾಗಿತ್ತು ಚೋಟಿ. ಹಗಲೆಲ್ಲ ಬಗ್ಗಿ ಎದ್ದು ಸೊಂಟ ಬಿದ್ದುಹೋಗಿರುತ್ತದೆ. ಮನೆಗೆ ಬಂದರೆ ಒಳಗೊಬ್ಬಳು, ತೊಟ್ಟಿಯಲ್ಲೊಬ್ಬ, ಇಬ್ಬರಿಗೂ ನನ್ನ ಕೈ ಕಂಡರೆ ಆಗುವುದಿಲ್ಲ.

ಹೀಗಿರುವಾಗ ಒಂದು ದಿನ ನೀರು ಬದಲಿಸಲು ದೊರೆಯನ್ನು ಎತ್ತುತ್ತಿದ್ದೆ. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಗದರಿದಳು.

"ಏ, ಏ! ಹೊಸಬಳಾ ನೀನು? ಹೇಳ್ದೆ ಕೇಳ್ದೆ ಮೇಲಿಂದ ಬಂದು ಎತ್ತಿದ್ರೆ ಮಗು ಹೆದರಲ್ವಾ?"

ಆ ದನಿ ನಿನಗೆ ನೆನಪಿರಬೇಕು. ಶಿಶುವಿಹಾರದಲ್ಲಿ ಯಾರ ಯಾರದೋ ಮಕ್ಕಳಿಗೆ ಸ್ನಾನ ಮಾಡಿಸುತ್ತಾ ಹೊಸ ಆಯಾಗಳನ್ನು ಗದರುತ್ತಿದ್ದಳಲ್ಲ, ಅದೇ ದನಿ. ನನ್ನ ಹೆಸರು ಮರೆತವಳು, ತಿಂದ ಊಟ ಮರೆಯುವವಳು, ಕುಂಟುತ್ತಾ ತೊಟ್ಟಿಯ ಹತ್ತಿರ ಬಂದು ನಿಂತಳು. "ಮೊದ್ಲು ಎದುರಿಗೆ ಬಾ. ಕೈ ತೋರ್ಸು, ಅದು ನೋಡ್ಲಿ. ಆಮೇಲೆ ಹೊಟ್ಟೆ ಕೆಳಗೆ ಅಂಗೈ ಕೊಡು. ಕಾಲು ಗಾಳೀಲಿ ಒದ್ದಾಡಬಾರದು. ಅಳೋಕೆ ಮುಂಚೆ ಇಳಿಸ್ಬಿಡು. ಅತ್ತ ಮೇಲೆ ಇಳಿಸಿದ್ರೆ ನಾಳೆ ನಿನ್ನ ಹತ್ರ ಬರಲ್ಲ."

"ಅದು ಮಗು ಅಲ್ಲಮ್ಮಾ, ಆಮೆ."

"ನಂಗೇನು ಕಣ್ಣಿಲ್ವಾ? ಆಮೇನೂ ಯಾರದೋ ಮಗೂನೇ."

ಬಾಯಿ ಮುಚ್ಚಿಕೊಂಡು ಕಲಿತೆ. ಮೊದಮೊದಲು ಏನೂ ಮಾಡಲು ಬಿಡಲಿಲ್ಲ. ಸಂಜೆ ಬಂದು ಸುಮ್ಮನೆ ನೀರಿನಲ್ಲಿ ಕೈ ಇಟ್ಟುಕೊಂಡು ಕೂರಬೇಕು, ಅಷ್ಟೇ. ಬೆರಳು ಸುಕ್ಕುಗಟ್ಟುವವರೆಗೆ ಕೂತೆ. ದೊರೆ ಕಲ್ಲಿನ ಹಿಂದಿನಿಂದ ಒಂದು ಕಣ್ಣು ಹೊರಹಾಕಿ ನೋಡುತ್ತಿತ್ತು. ಆಮೇಲೆ ಬೆರಳ ತುದಿಯಲ್ಲಿ ಆಹಾರದ ಕಾಳು ಹಿಡಿದೆ. ಮೊದಲು ಮುನಿಸು ತೋರಿಸಿತು, ಹೊಟ್ಟೆ ಕೇಳಬೇಕಲ್ಲ, ಬಂದು ಕಸಿದುಕೊಂಡು ಹೋಯಿತು. ಮುಂದೆ ತಿನ್ನುವಾಗ ಚಿಪ್ಪಿನ ಮೇಲೆ ಒಂದು ಬೆರಳು. ಅವಸರಪಟ್ಟು ಎರಡನೇ ಕೈ ತಂದ ದಿನ ಮತ್ತೆ ತಲೆ ಒಳಗೆ ಹೋಯಿತು, ಅಮ್ಮ ನನ್ನ ಮಣಿಕಟ್ಟಿಗೆ ಪಟ್ಟನೆ ಹೊಡೆದಳು. ನೋವಾಗಲಿಲ್ಲ. ಎಷ್ಟು ದಿನವಾಗಿತ್ತು ಅವಳಾಗಿ ನನ್ನನ್ನು ಮುಟ್ಟಿ! ತಿರುಗಿ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಕೊನೆಗೊಂದು ದಿನ ದೊರೆ ತಾನಾಗಿ ಅಂಗೈ ಹತ್ತಿತು. ನಾಲ್ಕೂ ಕಾಲು ಊರಿ, ಕತ್ತು ಉದ್ದ ಮಾಡಿ, ಕಿಟಕಿಯವರೆಗೂ ಸವಾರಿ ಹೋಯಿತು. "ಪರ್ವಾಗಿಲ್ಲ, ಪಳಗ್ತು" ಎಂದಳು ಅಮ್ಮ. "ಹೌದಮ್ಮಾ, ಈಗ ಹೆದರಲ್ಲ" ಎಂದೆ. "ಅದನ್ನ ಹೇಳಿದ್ದಲ್ಲ, ನಿನ್ನ ಕೈ ಹೇಳಿದ್ದು" ಎಂದಳು. ನಕ್ಕೂ ನಕ್ಕೂ ನನಗೆ ಕೆಮ್ಮು ಬಂತು. ಈ ಮನೆಯಲ್ಲಿ ನಕ್ಕು ಯಾವ ಕಾಲವಾಗಿತ್ತೋ.

ಆಗ ಹೊಳೆಯಿತು, ನಾನೆಂಥ ದಡ್ಡಿ ಅಂತ. ಅಂಗಡಿಯಲ್ಲಿ ನನ್ನ ಕೆಲಸ ಏನು? ಗಿರಾಕಿಯ ಎದುರಿಗೆ ಕುಳ್ಳ ಸ್ಟೂಲು ಎಳೆದುಕೊಂಡು ಕೂರುವುದು, ಹಿಮ್ಮಡಿಯ ಕೆಳಗೆ ಅಂಗೈ ಕೊಡುವುದು. ಎಂಥ ಸಿಡುಕನೂ ಕಾಲು ಎಳೆದುಕೊಂಡಿದ್ದಿಲ್ಲ. ಬೀದಿಯವರಿಗೆಲ್ಲ ಹಾಗೆ ಕೈ ಕೊಟ್ಟು, ಮನೆಗೆ ಬಂದು ಹೆತ್ತ ತಾಯಿಯ ತಲೆಯ ಮೇಲಿನಿಂದ ಟವೆಲು ಹಿಡಿದು ಎರಗುತ್ತಿದ್ದೆನಲ್ಲ! ಒಂದು ಕುಳ್ಳ ಸ್ಟೂಲು ಮನೆಗೂ ತಂದೆ. ಈಗ ಅಮ್ಮ ದಿನಾ ಕಾಲು ಕೊಡುತ್ತಾಳೆ. ತೊಳೆಯುತ್ತೇನೆ, ಮುಲಾಮು ಹಚ್ಚುತ್ತೇನೆ, ಪಟ್ಟಿ ಕಟ್ಟುತ್ತೇನೆ. ದೊರೆಯನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತಿಕ್ಕಿ ತೊಳೆದೇ ಬರುತ್ತೇನೆ, ಗಾಬರಿಯಾಗಬೇಡ. ಮೊನ್ನೆ ಡಾಕ್ಟರು ನೋಡಿ, "ಒಳಗಿಂದ ಒಣಗ್ತಾ ಬರ್ತಿದೆ, ಹೀಗೇ ಮಾಡಿ" ಎಂದರು.

ಆದ್ದರಿಂದ ವೃದ್ಧಾಶ್ರಮದವರಿಗೆ ಬೇಡ ಎಂದು ಹೇಳಿಬಿಡು. ಆ ಜಾಗ ಬೇರೆ ಯಾರಿಗಾದರೂ ಆಗಲಿ. ನನ್ನ ಕೈಯಲ್ಲಿ ಆಗುತ್ತದೆ ಎಂದು ಜಂಬ ಕೊಚ್ಚುತ್ತಿಲ್ಲ. ದಣಿವು ಹೋಗಿಲ್ಲ, ಹೋಗುವುದೂ ಇಲ್ಲ. ಬೆಳಿಗ್ಗೆ ಏಳುವಾಗಲೇ ರಾತ್ರಿ ಮಲಗುವುದು ಯಾವಾಗ ಎಂದು ಯೋಚಿಸುತ್ತೇನೆ. ಆದರೂ ಅವಳು ಕಾಲು ಚಾಚುವಷ್ಟು ದಿನ ಇಲ್ಲೇ ಇರಲಿ.

ರಜೆ ಸಿಕ್ಕಿದ ಕೂಡಲೇ ಬಾ. ಬರುವಾಗ ದೊರೆಯ ಕಾಳು ತಾ, ಇಲ್ಲಿ ಸಿಗುವುದನ್ನು ಮಹಾರಾಜರು ಮೂಸಿಯೂ ನೋಡುವುದಿಲ್ಲ. ಹೊತ್ತುಹೊತ್ತಿಗೆ ತಿನ್ನು, ಚಳಿಗೆ ಕಿವಿ ಮುಚ್ಚಿಕೋ. ಎಲ್ಲಿದ್ದರೂ ನಗುತ್ತಾ ಇರು ತಾಯಿ.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯುವುದು ಬೇಡ ಎಂದುಕೊಂಡಿದ್ದೆ. ಲಕೋಟೆ ಅಂಟಿಸುವಾಗ ಮನಸ್ಸು ಕೇಳಲಿಲ್ಲ. ಅಮ್ಮ ಬರೀ ಸ್ಟೂಲಿಗೆ ಒಲಿದು ಕಾಲು ಕೊಟ್ಟವಳಲ್ಲ. ಮೊದಲ ದಿನ ನಾನು ಎದುರಿಗೆ ಕೂತು ಅಂಗೈ ತೋರಿಸಿದಾಗ ಬಹಳ ಹೊತ್ತು ಮುಖ ನೋಡಿ, "ಆಮೆ ನೋಡ್ಕೊಳ್ಳೋಕೆ ಬರೋಳು ನೀನೇ ತಾನೆ?" ಎಂದು ಕೇಳಿದಳು. ನಿನ್ನ ಮಗಳಮ್ಮಾ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಹೌದಮ್ಮಾ ಎಂದೆ. "ಹಾಗಾದ್ರೆ ಸರಿ" ಎಂದು ಕಾಲು ಚಾಚಿದಳು. ಈಗ ಪಟ್ಟಿ ಕಟ್ಟುವಾಗಲೆಲ್ಲ ಬಾಗಿಲ ಕಡೆ ನೋಡುತ್ತಾ, "ನನ್ನ ದೊಡ್ಡ ಮಗಳು ಬರೋ ಹೊತ್ತಾಯ್ತು. ಬರ್ಲಿ, ನಿನಗೆ ಪರಿಚಯ ಮಾಡಿಸ್ತೀನಿ" ಎನ್ನುತ್ತಾಳೆ. ಆಗಲಮ್ಮಾ ಎನ್ನುತ್ತೇನೆ. ಹುಣ್ಣು ಇನ್ನೂ ಪೂರ್ತಿ ಒಣಗಿಲ್ಲ. ನೀನು ಬಂದಾಗ ಅವಳ ಎದುರಿಗೆ ನನ್ನನ್ನು ಅಕ್ಕ ಎಂದು ಕರೆಯಬೇಡ.