ಕಾರವಾರದ ಹಕ್ಕಿಗಳಿಗೆ ಹಾಕಿದ ಕೂಗು

ಅಪ್ಪಾ,

ತೀರಿಹೋದ ನಿನಗೆ ಬರೆಯುವುದು ಹುಚ್ಚುತನ. ಆದರೂ ಇದನ್ನು ಮೊದಲು ನಿನಗೇ ಹೇಳಬೇಕು. ನಮ್ಮ ಓಣಿಯ ಕರುಣಾ ಅಕ್ಕ ನನ್ನನ್ನು ಗರಗದಿಂದ ಕಾರವಾರಕ್ಕೆ ಹಕ್ಕಿ ನೋಡಲು ಕರೆತಂದಿದ್ದಾಳೆ. ಜೊತೆಗೆ ಬಂದ ಧಾರವಾಡದವರೆಲ್ಲ ಓದಿದವರು. ನಾನು ಹಿಂದಿನ ಸಾಲಿನಲ್ಲೇ ನಿಲ್ಲುತ್ತಿದ್ದೆ.

ಇವತ್ತು ಬೆಳಿಗ್ಗೆ ಕಡಲ ದಂಡೆಯ ಉಸುಕಿನ ಮೇಲೆ ದೊಡ್ಡ ಹಿಂಡು ಇಳಿಯಿತು. ಹಾಲುಗಾಳು ತುಂಬಿದ ನಮ್ಮ ಜೋಳಕ್ಕೆ ಇಳಿದಂತೆಯೇ ಕಂಡಿತು. ಹೊಲದ ಅಟ್ಟದ ಮೇಲೆ ನೀನು ಕಲಿಸಿದ ಹಾಗೆ ಕೈ ಎತ್ತಿ "ಹೋ" ಎಂದು ಕೂಗಿಬಿಟ್ಟೆ. ಒಂದೂ ಉಳಿಯದೆ ಹಾರಿಹೋದವು.

"ಹಕ್ಕಿ ನೋಡಾಕ ಬಂದೀಯೋ, ಓಡಸಾಕ ಬಂದೀಯೋ, ತಂಗಿ?" ಎಂದು ಜೊತೆಗೆ ಬಂದಿದ್ದ ಗುರುಪಾದ ಮಾಸ್ತರರು ನಕ್ಕರು. ಎಲ್ಲರೂ ನಕ್ಕರು.

"ಸಾಲಿ ಬಿಡಿಸಿ ನಮ್ಮಪ್ಪ ಕಲಿಸಿದ್ದು ಇದೊಂದ ನೋಡ್ರಿ" ಎಂದೆ.

ಆಮೇಲೆ ಯಾರೂ ನಗಲಿಲ್ಲ. ನಿನ್ನ ಮೇಲೆ ದೂರು ಹೇಳಿದಂತಾಯಿತು. ಶಾಲೆ ಯಾಕೆ ಬಿಡಿಸಿದೆ ಎಂದು ನೀನು ಇದ್ದಾಗ ಒಮ್ಮೆಯೂ ಕೇಳಿರಲಿಲ್ಲ.

"ನಾಚಿಕಿ ಆದ್ರ ನಾಳೆ ರೂಮಿನ್ಯಾಗ ಇರು" ಎಂದಳು ಅಕ್ಕ.

"ಇಲ್ಲ, ಬರ್ತೇನಿ. ದುರ್ಬೀನು ನನಗ ಕೊಡು" ಎಂದೆ.

ಅಷ್ಟು ವರ್ಷ ಹಕ್ಕಿ ಕಾಯ್ದೆವು ಅಪ್ಪಾ, ಒಂದನ್ನಾದರೂ ಕೂತು ನೋಡಲಿಲ್ಲ. ನಾಳೆ ಅವು ಇಳಿದು, ಹೊಟ್ಟೆ ತುಂಬ ತಿಂದು, ತಾವಾಗಿ ಏಳುವವರೆಗೂ ನಾನು ಮುಂದಿನ ಸಾಲಿನಲ್ಲೇ ನಿಂತಿರುತ್ತೇನೆ.

ಕಸ್ತೂರಿ